ಕಳೆಯ ಜಾಡು ಹಿಡಿದ ಡ್ರೂಸ್

ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದ ಸಮೀಪದಲ್ಲಿ ಓಡುತ್ತಿದ್ದ ರೈಲುಗಾಡಿಯೊಂದರ ಕಿಟಕಿಯಿಂದ ಕೆಲವು ಬೀಜಗಳು ಒಳಕ್ಕೆ ತೇಲಿ ಬಂದವು. ನಮ್ಮ ಎಕ್ಕದ ಬೀಜಕ್ಕಿರುವಂತೆ ಅವಕ್ಕೂ ತಲೆಯ ಮೇಲೆ ಬಿಳಿಯ ರೇಷ್ಮೆಯ ಎಳೆಗಳಂಥ ಕುಚ್ಚು ಇತ್ತು. ಅವು ನೆಲಕ್ಕೆ ಬೀಳಲಿಲ್ಲ. ಡಬ್ಬಿಯೊಳಗಿನ ಗಾಳಿಯಲ್ಲಿ ಮೇಲೆ ಕೆಳಗೆ ಆಡುತ್ತಲೇ ಇದ್ದವು. ಸುಮಾರು 25 ಮೈಲಿ ಕಳೆದು ಟೈಲ್‌ಹರ್ಸ್ಟ್ ಎಂಬ ನಿಲ್ದಾಣ ಬಂದಾಗ, ಬಂದ ಹಾಗೆಯೇ ಹೊರಕ್ಕೆ ಹಾರಿಹೋದವು. ಅಂಥ ಡಬ್ಬಿಯಲ್ಲಿ ಕುಳಿತವರು ಸಾಮಾನ್ಯವಾಗಿ ಪತ್ರಿಕೆ ಓದುತ್ತಾರೆ, ಇಲ್ಲವೆ ತೂಕಡಿಸುತ್ತಾರೆ. ಅಂದು ಅಲ್ಲಿದ್ದ ಒಬ್ಬ ಪ್ರಯಾಣಿಕರು ಮಾತ್ರ ದಾರಿಯುದ್ದಕ್ಕೂ ಆ ಬೀಜಗಳನ್ನೇ ನೋಡುತ್ತಿದ್ದರು. ಅವು ಎಲ್ಲಿ ಹತ್ತಿದವು, ಎಲ್ಲಿ ಇಳಿದವು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು, ಮುಂದೆ ತಮ್ಮ ಬರಹದಲ್ಲಿ ದಾಖಲಿಸಿದರು. ಬೀಜವೂ ರೈಲಿನ ಪ್ರಯಾಣಿಕನಾಗಬಲ್ಲದು ಎಂಬ ಸಂಗತಿ ಸಸ್ಯಶಾಸ್ತ್ರದ ಪುಸ್ತಕಗಳಿಗೆ ಸೇರಿದ್ದು ಹೀಗೆ.

ಆ ಪ್ರಯಾಣಿಕರ ಹೆಸರು ಜಾರ್ಜ್ ಕ್ಲಾರಿಡ್ಜ್ ಡ್ರೂಸ್. ಅವರು ವಿಶ್ವವಿದ್ಯಾಲಯದಲ್ಲಿ ಓದಿದವರಲ್ಲ. ಆಕ್ಸ್‌ಫರ್ಡಿನ ದೊಡ್ಡ ಬೀದಿಯಲ್ಲಿ ಔಷಧದ ಅಂಗಡಿ ನಡೆಸುತ್ತಿದ್ದವರು.

ಡ್ರೂಸ್ ಹುಟ್ಟಿದ್ದು 1850ನೆಯ ಇಸವಿ ಮೇ 23ರಂದು, ನಾರ್ಥಾಂಪ್ಟನ್‌ಷೈರ್ ಪ್ರಾಂತದ ಪಾಟರ್ಸ್‌ಪರಿ ಎಂಬ ಸಣ್ಣ ಹಳ್ಳಿಯಲ್ಲಿ. ತಂದೆಯ ಹೆಸರಾಗಲಿ ಆಸರೆಯಾಗಲಿ ಅವರಿಗೆ ದೊರೆಯಲಿಲ್ಲ. ತಾಯಿ ಜೇನ್ ಡ್ರೂಸ್ ಒಬ್ಬರೇ ಮಗನನ್ನು ಸಾಕಿದರು. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಅಂಥ ಮಗುವಿಗೆ ಸಮಾಜದ ಬಾಗಿಲುಗಳು ಸುಲಭವಾಗಿ ತೆರೆಯುತ್ತಿರಲಿಲ್ಲ. ಬಾಲಕನಿಗೆ ಐದು ವರ್ಷವಾದಾಗ ತಾಯಿ-ಮಗ ನೆರೆಯ ಯಾರ್ಡ್ಲಿ ಗೋಬಿಯನ್ ಎಂಬ ಹಳ್ಳಿಗೆ ಬಂದು ನೆಲಸಿದರು. ಈ ಹಳ್ಳಿಯ ಮೇಲಿನ ಅಭಿಮಾನ ಡ್ರೂಸರನ್ನು ಕೊನೆಯವರೆಗೂ ಬಿಡಲಿಲ್ಲ. ಎಷ್ಟೋ ವರ್ಷಗಳ ಮೇಲೆ ಆಕ್ಸ್‌ಫರ್ಡಿನಲ್ಲಿ ಸ್ವಂತ ಮನೆ ಮಾಡಿಕೊಂಡಾಗ ಅದಕ್ಕೆ ಇಟ್ಟ ಹೆಸರು ಯಾರ್ಡ್ಲಿ ಲಾಡ್ಜ್.

ಹದಿನಾರನೆಯ ವಯಸ್ಸಿನಲ್ಲಿ ಹುಡುಗನು ನಾರ್ಥಾಂಪ್ಟನ್ ಪಟ್ಟಣದ ಜೇಯ್ಸ್ ಎಂಬವರ ಔಷಧ ವ್ಯಾಪಾರ ಸಂಸ್ಥೆಯಲ್ಲಿ ಕೆಲಸ ಕಲಿಯಲು ಸೇರಿದನು. ಅಂದಿನ ಔಷಧಗಳಲ್ಲಿ ಬಹುಪಾಲು ಗಿಡಮೂಲಿಕೆಗಳಿಂದ ಆದವು. ಬೇರು, ತೊಗಟೆ, ಎಲೆ, ಬೀಜ—ಇವುಗಳ ಗುರುತು ತಿಳಿಯದವನು ಔಷಧ ವ್ಯಾಪಾರಿಯಾಗುವಂತಿರಲಿಲ್ಲ. ಪರೀಕ್ಷೆಗೆಂದು ಮೊದಲಾದ ಈ ಗಿಡಗಳ ಪರಿಚಯ ಬರಬರುತ್ತ ಗೀಳಾಗಿ ಬೆಳೆಯಿತು. 1872ರಲ್ಲಿ ಡ್ರೂಸ್ ಔಷಧಶಾಸ್ತ್ರದ ಪರೀಕ್ಷೆಯಲ್ಲಿ ತೇರ್ಗಡೆಯಾದರು. 1876ರಲ್ಲಿ ಆ ಪಟ್ಟಣದಲ್ಲಿ ಪ್ರಕೃತಿ ಅಧ್ಯಯನದ ಸಂಘವೊಂದು ಹುಟ್ಟಿಕೊಂಡಾಗ ಅದನ್ನು ಕಟ್ಟಿದವರಲ್ಲಿ ಅವರೂ ಒಬ್ಬರಾಗಿದ್ದರು.

ಗಿಡವನ್ನು ಕಂಡು ಮೆಚ್ಚುವುದು ಒಂದು, ಅದನ್ನು ದಾಖಲೆಯಾಗಿ ಉಳಿಸುವುದು ಇನ್ನೊಂದು. ಡ್ರೂಸರು ಕಲಿತುಕೊಂಡ ಈ ಎರಡನೆಯ ವಿದ್ಯೆಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಹೂವು, ಕಾಯಿ, ಎಲೆಗಳಿರುವ ಕೊಂಬೆಯನ್ನೋ, ಸಣ್ಣ ಗಿಡವಾದರೆ ಬೇರು ಸಹಿತ ಇಡೀ ಗಿಡವನ್ನೋ ತಂದು, ನೀರು ಹೀರುವ ಕಾಗದಗಳ ನಡುವೆ ಹರಡಿ, ಮೇಲೆ ಭಾರ ಹೇರಿ ಒತ್ತುತ್ತಾರೆ. ಕಾಗದ ತೇವವಾದಂತೆಲ್ಲ ಬದಲಾಯಿಸುತ್ತಾರೆ. ಪೂರ್ತಿ ಒಣಗಿದ ಮೇಲೆ ಅದನ್ನು ದಪ್ಪ ಹಾಳೆಗೆ ಅಂಟಿಸಿ, ಮೂಲೆಯಲ್ಲಿ ಒಂದು ಚೀಟಿ ಹಚ್ಚುತ್ತಾರೆ. ಗಿಡದ ಹೆಸರು, ದೊರೆತ ಸ್ಥಳ, ದಿನಾಂಕ, ತಂದವರ ಹೆಸರು—ಇಷ್ಟು ವಿಷಯ ಆ ಚೀಟಿಯಲ್ಲಿ ಇರಬೇಕು. ಇಂಥ ಹಾಳೆಗಳ ಸಂಗ್ರಹಕ್ಕೆ ಹರ್ಬೇರಿಯಂ ಎಂದು ಹೆಸರು. ಹುಳು ಹಿಡಿಯದಂತೆ ಕಾಪಾಡಿದರೆ ಒಂದೊಂದು ಹಾಳೆ ಮುನ್ನೂರು ವರ್ಷ ಬಾಳುತ್ತದೆ. ಚೀಟಿ ಕಳೆದುಹೋದರೆ ಮಾತ್ರ ಆ ಹಾಳೆಯ ಮೇಲೆ ಉಳಿಯುವುದು ಒಣಹುಲ್ಲಿಗಿಂತ ಹೆಚ್ಚಿನದೇನಲ್ಲ.

1879ರಲ್ಲಿ ಡ್ರೂಸರು ಆಕ್ಸ್‌ಫರ್ಡಿಗೆ ಬಂದರು. ಕೂಡಿಟ್ಟ ಹಣದಿಂದ ಹೈ ಸ್ಟ್ರೀಟ್ ಎಂಬ ಬೀದಿಯ 118ನೆಯ ಮನೆಯಲ್ಲಿ ತಮ್ಮದೇ ಆದ ಅಂಗಡಿ ತೆರೆದರು. ಅವರು ಬದುಕಿರುವವರೆಗೂ ಆ ಅಂಗಡಿ ನಡೆಯಿತು. ಆ ಬೀದಿಯ ಎರಡು ಬದಿಗಳಲ್ಲಿಯೂ ಪ್ರಾಚೀನ ವಿದ್ಯಾಲಯಗಳ ಕಲ್ಲಿನ ಕಟ್ಟಡಗಳು. ಬೀದಿಯ ತುದಿಯಲ್ಲಿ, ನದಿಯ ದಂಡೆಗೆ, 1621ರಲ್ಲಿ ಸ್ಥಾಪಿತವಾದ ಸಸ್ಯೋದ್ಯಾನ. ಆ ಹಳೆಯ ಗೋಡೆಗಳ ಬಿರುಕುಗಳಲ್ಲಿ ಬೇಸಿಗೆ ಬಂತೆಂದರೆ ಒಂದು ಬಗೆಯ ಹಳದಿ ಹೂವು ಗೊಂಚಲು ಗೊಂಚಲಾಗಿ ಅರಳುತ್ತಿತ್ತು. ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ, ಮೊಣಕಾಲೆತ್ತರದ ಗಿಡ ಅದು. ಊರಿನ ಜನ ಅದನ್ನು ಆಕ್ಸ್‌ಫರ್ಡ್ ರಾಗ್‌ವರ್ಟ್ ಎನ್ನುತ್ತಿದ್ದರು. ಶಾಸ್ತ್ರದಲ್ಲಿ ಅದರ ಹೆಸರು ಸೆನೇಸಿಯೊ ಸ್ಕ್ವಾಲಿಡಸ್. ಸ್ಕ್ವಾಲಿಡಸ್ ಎಂದರೆ ಕೊಳಕು, ಮಲಿನ ಎಂದರ್ಥ. ಇಷ್ಟು ಚೆಲುವಾದ ಹೂವಿಗೆ ಸ್ವೀಡನ್ ದೇಶದ ಮಹಾವಿಜ್ಞಾನಿ ಲಿನೇಯಸ್ 1753ರಲ್ಲಿ ಇಂಥ ಹೆಸರನ್ನು ಏಕೆ ಕೊಟ್ಟರೋ!

ಆಕ್ಸ್‌ಫರ್ಡಿನ ಹೆಸರು ಹೊತ್ತಿದ್ದರೂ ಈ ಗಿಡ ಇಂಗ್ಲೆಂಡಿನದಲ್ಲ. ಇದರ ಮೂಲ ಇಟಲಿಯ ದಕ್ಷಿಣಕ್ಕಿರುವ ಸಿಸಿಲಿ ದ್ವೀಪ. ಅಲ್ಲಿ ಇಂದಿಗೂ ಬೆಂಕಿ ಉಗುಳುವ ಎಟ್ನಾ ಪರ್ವತ. ಆ ಬೆಟ್ಟದ ಎತ್ತರದಲ್ಲಿ ಒಂದು ಜಾತಿಯ ಸೆನೇಸಿಯೊ ಬೆಳೆಯುತ್ತದೆ, ತಪ್ಪಲಿನಲ್ಲಿ ಇನ್ನೊಂದು. ನಡುವಿನ ಇಳಿಜಾರುಗಳಲ್ಲಿ ಎರಡೂ ಬೆರೆತು ಮಿಶ್ರತಳಿಗಳು ಹುಟ್ಟುತ್ತವೆ. ಅಂಥ ಮಿಶ್ರತಳಿಯ ಬೀಜ ಸುಮಾರು 1700ರ ವೇಳೆಗೆ ಇಂಗ್ಲೆಂಡಿಗೆ ಬಂತು. ಸಿಸಿಲಿಯ ಸಸ್ಯಜ್ಞ ಕುಪಾನಿ, ಇಂಗ್ಲೆಂಡಿನ ವಿಲಿಯಂ ಶೆರಾರ್ಡ್, ಬ್ಯಾಡ್ಮಿಂಟನ್ ಎಂಬಲ್ಲಿ ದೊಡ್ಡ ತೋಟ ಬೆಳೆಸಿದ್ದ ಬ್ಯೂಫರ್ಟಿನ ಡಚೆಸ್—ಇವರ ಕೈಗಳನ್ನು ದಾಟಿ ಅದು ಆಕ್ಸ್‌ಫರ್ಡ್ ಉದ್ಯಾನದ ಅಧಿಕಾರಿಯಾಗಿದ್ದ ಕಿರಿಯ ಜೇಕಬ್ ಬೋಬಾರ್ಟನ ಪಾತಿಯನ್ನು ಸೇರಿತು. ಕೆಲವು ಕಾಲ ಅಲ್ಲಿಯೇ ಸಾಧುವಾಗಿತ್ತು. ಆಮೇಲೆ ಬೀಜಗಳು ಉದ್ಯಾನದ ಗೋಡೆಯನ್ನು ಹಾರಿದವು. 1794ರಲ್ಲಿ ಆಕ್ಸ್‌ಫರ್ಡಿನ ಸಸ್ಯಗಳನ್ನು ಕುರಿತು ಗ್ರಂಥ ಬರೆದ ಸಿಬ್‌ಥಾರ್ಪ್ ನಗರದ ಗೋಡೆಗಳ ಮೇಲೆ ಅದನ್ನು ಕಂಡದ್ದನ್ನು ನಮೂದಿಸಿದ್ದಾನೆ. ಆದರೂ ಅದು ಊರನ್ನು ಬಿಟ್ಟು ದೂರ ಹೋಗಲಿಲ್ಲ. ಸುತ್ತಲಿನ ಹಸಿರು ಹುಲ್ಲುಗಾವಲು, ಮೆತ್ತಗಿನ ಒದ್ದೆಮಣ್ಣು ಅದಕ್ಕೆ ಒಗ್ಗಲಿಲ್ಲ. ಹುಟ್ಟಿದ ಬೆಟ್ಟದ ಸುಟ್ಟ ಕಲ್ಲನ್ನು ನೆನಪಿಸುವ ಒಣ ಗೋಡೆಗಳೇ ಅದಕ್ಕೆ ಬೇಕು.

ಹೀಗೆ ಐವತ್ತು ವರ್ಷ ಕಳೆಯಿತು. 1844ರಲ್ಲಿ ಆಕ್ಸ್‌ಫರ್ಡಿಗೆ ರೈಲುದಾರಿ ಬಂತು. ಕಂಬಿಗಳ ಕೆಳಗೆ ಜಲ್ಲಿ, ಉಗಿಯಂತ್ರದ ಒಲೆಯಿಂದ ಬಿದ್ದ ಸುಟ್ಟ ಕಲ್ಲಿದ್ದಲ ಕಿಟ್ಟ, ನೀರು ನಿಲ್ಲದ ನೆಲ, ದಿನವೆಲ್ಲ ಬಿಸಿಲು. ಎಟ್ನಾದ ಮಗುವಿಗೆ ತವರಿನ ನೆಲವೇ ಉದ್ದಕ್ಕೆ ಹಾಸಿಕೊಂಡು ಬಂದಂತಾಯಿತು. ಗಾಡಿ ಓಡುವಾಗ ಏಳುವ ಗಾಳಿ ಬೀಜಗಳನ್ನು ಮುಂದಕ್ಕೆ ಸೆಳೆಯುತ್ತಿತ್ತು. ಕೆಲವು ಬೀಜಗಳಂತೂ, ನಾವು ಕಂಡಂತೆ, ಟಿಕೆಟಿಲ್ಲದೆ ಡಬ್ಬಿಯನ್ನೇ ಹತ್ತಿದವು.

ಡ್ರೂಸರು ಆಕ್ಸ್‌ಫರ್ಡಿಗೆ ಬಂದಾಗ ಈ ಪಯಣ ನಡೆಯುತ್ತಲೇ ಇತ್ತು. ಅದನ್ನು ಗಮನಿಸಬೇಕೆಂದು ಹೆಚ್ಚು ಜನರಿಗೆ ಅನ್ನಿಸಿರಲಿಲ್ಲ. ಅಂದಿನ ಸಸ್ಯಪ್ರಿಯರ ಆಸೆಯೆಲ್ಲ ಅಪರೂಪದ ಆರ್ಕಿಡ್‌ಗಳ ಮೇಲೆ, ಬೆಟ್ಟದ ತುದಿಯ ಜರೀಗಿಡಗಳ ಮೇಲೆ. ರೈಲುದಾರಿಯ ಬದಿಯ ಕಳೆಗೆ ಕಾಗದ ಖರ್ಚು ಮಾಡುವವರು ಯಾರು? ಹೊರದೇಶದಿಂದ ಬಂದ ಗಿಡಗಳನ್ನು ನಾಡಿನ ಸಸ್ಯಗಳ ಪಟ್ಟಿಗೆ ಸೇರಿಸುವುದೇ ತಪ್ಪು ಎನ್ನುವವರೂ ಇದ್ದರು. ಡ್ರೂಸರ ನಿಲುವು ಬೇರೆ. ನೆಲದ ಮೇಲೆ ಬೆಳೆಯುವುದೆಲ್ಲ ಅವರಿಗೆ ಬರೆದಿಡಲು ಯೋಗ್ಯವೇ. ಅಂಗಡಿಯ ವ್ಯವಹಾರ ಮುಗಿಸಿ ರೈಲು ಹತ್ತುತ್ತಿದ್ದರು. ಯಾವುದೋ ನಿಲ್ದಾಣದಲ್ಲಿ ಇಳಿದು ಮೈಲಿಗಟ್ಟಲೆ ನಡೆದು, ಚೀಲ ತುಂಬಿಕೊಂಡು ಹಿಂದಿರುಗುತ್ತಿದ್ದರು. ರಾಗ್‌ವರ್ಟ್ ಇಂಥ ಪ್ರಾಂತದಲ್ಲಿ ಇಂಥ ಕಡೆ ಕಾಣಿಸಿತು ಎಂಬುದು ಅವರ ಬರಹಗಳಲ್ಲಿ ಮತ್ತೆ ಮತ್ತೆ ಬರುವ ವಿಷಯ.

1886ರಲ್ಲಿ ಅವರ ಮೊದಲ ದೊಡ್ಡ ಗ್ರಂಥ, ಆಕ್ಸ್‌ಫರ್ಡ್‌ಷೈರಿನ ಸಸ್ಯಗಳನ್ನು ಕುರಿತದ್ದು, ಹೊರಬಂತು. 1897ರಲ್ಲಿ ಬರ್ಕ್‌ಷೈರ್ ಪ್ರಾಂತದ ಸಸ್ಯಗ್ರಂಥ ಪ್ರಕಟವಾಯಿತು. ಇವು ಕೇವಲ ಹೆಸರುಗಳ ಪಟ್ಟಿಗಳಾಗಿರಲಿಲ್ಲ. ಯಾವ ಗಿಡವನ್ನು ಯಾರು ಮೊದಲು ಕಂಡರು, ಎಲ್ಲಿ, ಯಾವ ವರ್ಷ ಎಂಬುದನ್ನು ಹಳೆಯ ಪುಸ್ತಕಗಳಿಂದಲೂ ಹರ್ಬೇರಿಯಂ ಹಾಳೆಗಳಿಂದಲೂ ಹೆಕ್ಕಿ ತೆಗೆದು ಬರೆದ ಗ್ರಂಥಗಳವು. ಒಂದೊಂದು ಗಿಡಕ್ಕೂ ಒಂದು ಊರಿನ ಚರಿತ್ರೆ ಇದೆ ಎಂಬಂತೆ ಅವರು ಕೆಲಸ ಮಾಡಿದರು.

ವಿಶ್ವವಿದ್ಯಾಲಯ ಈ ಅಂಗಡಿಕಾರರನ್ನು ಗುರುತಿಸದೆ ಇರಲಿಲ್ಲ. 1889ರಲ್ಲಿ ಗೌರವ ಎಂ.ಎ. ಪದವಿಯನ್ನಿತ್ತಿತು. 1895ರಲ್ಲಿ ಫೀಲ್ಡಿಂಗ್ ಹರ್ಬೇರಿಯಂನ ಮೇಲ್ವಿಚಾರಕರನ್ನಾಗಿ ನೇಮಿಸಿತು. ಆ ನೇಮಕದಿಂದ ಡ್ರೂಸರ ಕೈಗೆ ಒಂದು ನಿಧಿಯೇ ಬಂದಂತಾಯಿತು. ಬೋಬಾರ್ಟನ ಕಾಲದ ಹಾಳೆಗಳು, ಶೆರಾರ್ಡನ ಸಂಗ್ರಹ, ಮಾರಿಸನ್ ಮತ್ತು ಡಿಲೇನಿಯಸ್ ಎಂಬ ಹಿಂದಿನ ಪ್ರಾಧ್ಯಾಪಕರ ಸಂಗ್ರಹ, ಎಲ್ಲವೂ ಆಕ್ಸ್‌ಫರ್ಡಿನಲ್ಲಿದ್ದವು. ಲಿನೇಯಸ್ ಗಿಡಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸುವುದಕ್ಕೂ ಮುಂಚಿನ ಹಾಳೆಗಳು ಅವು. ಅವುಗಳ ಮೇಲಿನ ಹೆಸರುಗಳು ಒಂದೊಂದೂ ಒಂದು ಸಾಲಿನಷ್ಟು ಉದ್ದ. ಈ ಕಾಲದವರಿಗೆ ಅರ್ಥವಾಗುವುದೇ ಕಷ್ಟ. ಡ್ರೂಸರು ಪ್ರಾಧ್ಯಾಪಕ ವೈನ್ಸ್ ಅವರೊಡನೆ ಕುಳಿತು ಹಾಳೆ ಹಾಳೆಯನ್ನೂ ಪರಿಶೀಲಿಸಿ, ಹಳೆಯ ಹೆಸರಿಗೆ ಹೊಸ ಹೆಸರನ್ನು ಹೊಂದಿಸಿದರು. ಡಿಲೇನಿಯಸ್‌ನ ಸಂಗ್ರಹದ ವಿವರಣೆ 1907ರಲ್ಲಿ, ಮಾರಿಸನ್‌ನ ಸಂಗ್ರಹದ ವಿವರಣೆ 1914ರಲ್ಲಿ ಪುಸ್ತಕಗಳಾದವು. ಹೆಚ್ಚು ಜನ ಓದುವ ಪುಸ್ತಕಗಳಲ್ಲ ಇವು. ಆದರೆ ಹಳೆಯ ಹಾಳೆಗಳಿಗೆ ಮತ್ತೆ ಬಾಯಿ ಬಂದದ್ದು ಇವುಗಳಿಂದ.

ಈ ನಡುವೆ ನಗರದ ಸಾರ್ವಜನಿಕ ಜೀವನದಲ್ಲಿಯೂ ಡ್ರೂಸರು ಮೇಲೇರಿದರು. ನಗರಸಭೆಯ ಸದಸ್ಯರಾದರು, ಷರೀಫರಾದರು, 1900–01ರಲ್ಲಿ ಆಕ್ಸ್‌ಫರ್ಡಿನ ಮೇಯರ್ ಆದರು. ತಂದೆಯ ಹೆಸರಿಲ್ಲದೆ ಹಳ್ಳಿಯಲ್ಲಿ ಬೆಳೆದ ಹುಡುಗ ಆ ಪ್ರಾಚೀನ ನಗರದ ಪ್ರಥಮ ಪ್ರಜೆಯಾದದ್ದು ಸಣ್ಣ ಮಾತಲ್ಲ. ಅಧಿಕಾರವೂ ಗೌರವವೂ ಡ್ರೂಸರಿಗೆ ಪ್ರಿಯವಾಗಿದ್ದವು. ಅದನ್ನು ಅವರು ಮುಚ್ಚಿಡುತ್ತಲೂ ಇರಲಿಲ್ಲ.

ಬ್ರಿಟನ್ನಿನ ಸಸ್ಯಪ್ರಿಯರ ಒಂದು ಸಂಘವಿತ್ತು. ಸದಸ್ಯರು ತಾವು ಒಣಗಿಸಿದ ಗಿಡಗಳ ಹೆಚ್ಚುವರಿ ಪ್ರತಿಗಳನ್ನು ಕಳುಹಿಸುವುದು, ಸಂಘ ಅವನ್ನು ಬೇರೆ ಸದಸ್ಯರಿಗೆ ಹಂಚುವುದು—ಇಷ್ಟೇ ಅದರ ಕೆಲಸ. 1903ರಲ್ಲಿ ಡ್ರೂಸರು ಅದರ ಕಾರ್ಯದರ್ಶಿಯಾದರು. ಸಾಯುವವರೆಗೂ, ಸುಮಾರು ಮೂವತ್ತು ವರ್ಷ, ಆ ಸ್ಥಾನದಲ್ಲಿದ್ದರು. ಶಾಲಾ ಉಪಾಧ್ಯಾಯರು, ಪಾದ್ರಿಗಳು, ವೈದ್ಯರು, ಗೃಹಿಣಿಯರು, ಶ್ರೀಮಂತ ಮನೆತನದವರು, ಹೀಗೆ ಗಿಡಗಳಲ್ಲಿ ಆಸಕ್ತಿಯಿದ್ದ ಎಲ್ಲರನ್ನೂ ಅವರು ಸಂಘಕ್ಕೆ ಎಳೆದು ತಂದರು. ಅವರಿಗೆ ಪತ್ರ ಬರೆಯುತ್ತಿದ್ದರು, ಅವರು ಕಳುಹಿಸಿದ ಗಿಡವನ್ನು ಗುರುತಿಸಿ ಹೇಳುತ್ತಿದ್ದರು, ವರ್ಷದ ವರದಿಯಲ್ಲಿ ಅವರ ಹೆಸರನ್ನು ಅಚ್ಚು ಹಾಕಿಸುತ್ತಿದ್ದರು. ದೂರದ ಹಳ್ಳಿಯ ಒಬ್ಬ ಉಪಾಧ್ಯಾಯನಿಗೆ ಇದಕ್ಕಿಂತ ದೊಡ್ಡ ಪ್ರೋತ್ಸಾಹ ಬೇರೇನಿದ್ದೀತು? ಗಿಡಗಳನ್ನು ಹಂಚಿಕೊಳ್ಳುತ್ತಿದ್ದ ಈ ಸಣ್ಣ ಬಳಗವೇ ಮುಂದೆ ಬ್ರಿಟನ್ ಮತ್ತು ಐರ್ಲೆಂಡಿನ ಸಸ್ಯಶಾಸ್ತ್ರ ಸಂಘವಾಗಿ ಬೆಳೆಯಿತು.

ಸ್ಕಾಟ್ಲೆಂಡಿನ ಟ್ವೀಡ್ ನದಿಯ ಕಡೆಯಿಂದ ಬಂದ ಗಿಡಗಳ ಕಥೆ ಸ್ವಾರಸ್ಯವಾದದ್ದು. ಅಲ್ಲಿನ ಗಾಲಾಷೀಲ್ಸ್ ಪಟ್ಟಣ ಉಣ್ಣೆಯ ಗಿರಣಿಗಳಿಗೆ ಹೆಸರಾದದ್ದು. ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ, ದಕ್ಷಿಣ ಅಮೆರಿಕಗಳಿಂದ ಉಣ್ಣೆ ಬರುತ್ತಿತ್ತು. ಕುರಿಯ ಮೈಗೆ ಅಂಟಿದ ಮುಳ್ಳುಕಾಯಿಗಳೂ ಬೀಜಗಳೂ ಉಣ್ಣೆಯೊಡನೆ ಬಂದು, ತೊಳೆದ ನೀರಿನಲ್ಲಿ ಹರಿದು, ಹೊಳೆಯ ದಂಡೆಯ ಮರಳುಗಲ್ಲಿನಲ್ಲಿ ಮೊಳೆಯುತ್ತಿದ್ದವು. ಆ ಊರಿನ ಐಡಾ ಹೇವರ್ಡ್ ಎಂಬ ಮಹಿಳೆ ಇವನ್ನು ಶ್ರದ್ಧೆಯಿಂದ ಸಂಗ್ರಹಿಸಿದರು. ಡ್ರೂಸರು ಅವರೊಡನೆ ಸೇರಿ 1919ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಒಂದು ನದಿಯ ದಂಡೆಯಲ್ಲಿ ಹಾಗೆ ವಲಸೆ ಬಂದು ಬೆಳೆದ ಮುನ್ನೂರಕ್ಕೂ ಹೆಚ್ಚು ಬಗೆಯ ಸಸ್ಯಗಳನ್ನು ಅದರಲ್ಲಿ ವಿವರಿಸಿದ್ದಾರೆ. ಮನುಷ್ಯನ ವ್ಯಾಪಾರ ಹೋದಲ್ಲೆಲ್ಲ ಕಳೆ ಹಿಂಬಾಲಿಸುತ್ತದೆ ಎಂಬುದಕ್ಕೆ ಆ ಪುಸ್ತಕ ಒಂದು ಸಾಕ್ಷಿ. ಆಕ್ಸ್‌ಫರ್ಡಿನ ರಾಗ್‌ವರ್ಟ್‌ಗೆ ರೈಲು ಹೇಗೋ ಈ ಗಿಡಗಳಿಗೆ ಉಣ್ಣೆಯ ಮೂಟೆ ಹಾಗೆ.

ಡ್ರೂಸರನ್ನು ಎಲ್ಲರೂ ಹೊಗಳುತ್ತಿದ್ದರೆಂದು ತಿಳಿಯಬಾರದು. ಅವರದು ಅವಸರದ ಸ್ವಭಾವ. ಒಂದು ದಿನದಲ್ಲಿ ಹತ್ತಾರು ಸ್ಥಳ ನೋಡಬೇಕು, ನೂರಾರು ಗಿಡ ಗುರುತಿಸಬೇಕು ಎಂಬ ಹಂಬಲ. ಹೊಸ ಗಿಡವನ್ನು ತಾವೇ ಮೊದಲು ಕಂಡೆವೆನ್ನಿಸಿಕೊಳ್ಳುವ ಆಸೆಯೂ ಇತ್ತು. ಎಲೆಯಲ್ಲಿ ಕೊಂಚ ವ್ಯತ್ಯಾಸ ಕಂಡರೆ ಸಾಕು, ಅದಕ್ಕೊಂದು ಬೇರೆ ಹೆಸರು ಕೊಟ್ಟುಬಿಡುತ್ತಿದ್ದರು. ಇದರಿಂದ ಬೇಸತ್ತ ಸಸ್ಯಶಾಸ್ತ್ರಜ್ಞರು ಕೆಲವರು ಬಹಿರಂಗವಾಗಿಯೇ ಅವರನ್ನು ಟೀಕಿಸಿದರು. ಅವರ ದಾಖಲೆಗಳಲ್ಲಿ ಕೆಲವನ್ನು ಮುಂದಿನವರು ಒಪ್ಪಲಿಲ್ಲ. ಟೀಕೆಯಲ್ಲಿ ಸತ್ಯಾಂಶವಿರಲಿಲ್ಲವೆಂದು ಹೇಳುವಂತಿಲ್ಲ. ಆದರೆ ಒಂದು ಮಾತನ್ನು ಮರೆಯಬಾರದು. ಬಾಯಲ್ಲಿ ಹೇಳಿದ ತಪ್ಪು ಗಾಳಿಗೆ ಹೋಗುತ್ತದೆ. ಹಾಳೆಯ ಮೇಲಿನ ತಪ್ಪನ್ನು ತಿದ್ದಬಹುದು. ಡ್ರೂಸರು ಹೆಸರನ್ನು ತಪ್ಪಾಗಿ ಬರೆದಿದ್ದರೂ ಗಿಡ ಅಲ್ಲಿಯೇ ಅಂಟಿಕೊಂಡಿದೆ. ಬಲ್ಲವರು ಬಂದು ನೋಡಿ, ಪಕ್ಕದಲ್ಲಿ ಇನ್ನೊಂದು ಚೀಟಿ ಹಚ್ಚಿ, ಸರಿಯಾದ ಹೆಸರನ್ನು ಬರೆಯಬಹುದು. ಹರ್ಬೇರಿಯಂಗಳಲ್ಲಿ ಹೀಗೆ ಎರಡು ಮೂರು ಚೀಟಿಗಳನ್ನು ಹೊತ್ತ ಹಾಳೆಗಳು ಎಷ್ಟೋ ಇರುತ್ತವೆ.

ಅವರ ಅವಸರವೇ ಒಮ್ಮೊಮ್ಮೆ ವರವಾದದ್ದೂ ಉಂಟು. ಹೊಲಗಳಲ್ಲಿ ಕಳೆಯಾಗಿ ಬೆಳೆಯುತ್ತಿದ್ದ ಬ್ರೋಮಸ್ ಜಾತಿಯ ಒಂದು ಹುಲ್ಲನ್ನು ಅವರು 1895ರಲ್ಲಿ ಪ್ರತ್ಯೇಕ ಸಸ್ಯವೆಂದು ಗುರುತಿಸಿ ಬ್ರೋಮಸ್ ಇಂಟರಪ್ಟಸ್ ಎಂಬ ಹೆಸರಿನಿಂದ ಪ್ರಕಟಿಸಿದರು. ಪ್ರಪಂಚದಲ್ಲಿ ಅದು ಸ್ವಾಭಾವಿಕವಾಗಿ ಬೆಳೆಯುತ್ತಿದ್ದುದು ಇಂಗ್ಲೆಂಡಿನಲ್ಲಿ ಮಾತ್ರ ಎಂದು ಆಮೇಲೆ ತಿಳಿಯಿತು. ಬೇಸಾಯದ ರೀತಿ ಬದಲಾದಂತೆ ಆ ಹುಲ್ಲು ಕ್ಷೀಣಿಸಿ, 1972ರ ನಂತರ ಹೊಲಗಳಲ್ಲಿ ಕಾಣದಂತಾಯಿತು. ಒಬ್ಬ ಸಸ್ಯಶಾಸ್ತ್ರಜ್ಞರು ಕುಂಡಗಳಲ್ಲಿ ಬೆಳೆಸಿಕೊಂಡು ಬಂದಿದ್ದ ಬೀಜದಿಂದ ಅದರ ವಂಶ ಉಳಿಯಿತು. 2004ರಲ್ಲಿ ಆಕ್ಸ್‌ಫರ್ಡ್‌ಷೈರಿನ ನೆಲದಲ್ಲಿ ಅದನ್ನು ಮತ್ತೆ ಬಿತ್ತಿದರು. ಯಾವ ಕಳೆ ಯಾವಾಗ ದುರ್ಲಭವಾಗುತ್ತದೆಂದು ಬಲ್ಲವರಾರು?

ಒಂದು ಗಿಡ ಒಂದು ನಾಡಿನಲ್ಲಿ ಎಲ್ಲೆಲ್ಲಿದೆ ಎಂದು ತಿಳಿಯಬೇಕಾದರೆ ನಾಡನ್ನು ಭಾಗಗಳಾಗಿ ವಿಂಗಡಿಸಿಕೊಳ್ಳಬೇಕು. ವಾಟ್ಸನ್ ಎಂಬ ವಿದ್ವಾಂಸರು 1852ರಲ್ಲಿಯೇ ಬ್ರಿಟನ್ನನ್ನು 112 ವಿಭಾಗಗಳನ್ನಾಗಿ ಮಾಡಿದ್ದರು. ಸರ್ಕಾರ ಪ್ರಾಂತಗಳ ಗಡಿಗಳನ್ನು ಎಷ್ಟು ಬಾರಿ ಬದಲಾಯಿಸಿದರೂ ಸಸ್ಯಶಾಸ್ತ್ರಜ್ಞರ ಈ ಗಡಿಗಳು ಬದಲಾಗುವುದಿಲ್ಲ. ಬದಲಾದರೆ ನೂರು ವರ್ಷದ ಹಿಂದಿನ ದಾಖಲೆಯನ್ನು ಇಂದಿನ ದಾಖಲೆಯೊಡನೆ ಹೋಲಿಸುವುದು ಹೇಗೆ? ಡ್ರೂಸರು ತಮ್ಮ ಮುಪ್ಪಿನಲ್ಲಿ ಕೈಗೊಂಡ ಮಹಾಕಾರ್ಯಕ್ಕೆ ಇದೇ ತಳಹದಿ. ಬ್ರಿಟಿಷ್ ದ್ವೀಪಗಳ ಒಂದೊಂದು ಸಸ್ಯವೂ ಯಾವ ಯಾವ ವಿಭಾಗದಲ್ಲಿ ದೊರೆತಿದೆ ಎಂಬುದನ್ನು ಒಂದೇ ಗ್ರಂಥದಲ್ಲಿ ತೋರಿಸಬೇಕೆಂದು ಅವರು ಸಂಕಲ್ಪಿಸಿದರು. ತಮ್ಮ ಹಾಳೆಗಳು, ಇತರರ ಹಾಳೆಗಳು, ಸಂಘದ ಸದಸ್ಯರು ಕಳುಹಿಸಿದ ಪತ್ರಗಳು, ಹಳೆಯ ಪುಸ್ತಕಗಳು—ಎಲ್ಲವನ್ನೂ ಜಾಲಾಡಿದರು.

ಈ ದೊಡ್ಡ ಕೆಲಸದ ನಡುವೆಯೇ 1926ರಲ್ಲಿ ಬಕಿಂಗ್‌ಹ್ಯಾಮ್‌ಷೈರಿನ ಸಸ್ಯಗ್ರಂಥ ಬಂತು. ಮರುವರ್ಷ ರಾಯಲ್ ಸೊಸೈಟಿ ಅವರನ್ನು ತನ್ನ ಸದಸ್ಯರನ್ನಾಗಿ ಚುನಾಯಿಸಿತು. ಇಂಗ್ಲೆಂಡಿನ ವಿಜ್ಞಾನಿಗೆ ಅದಕ್ಕಿಂತ ಹಿರಿದಾದ ಗೌರವಗಳು ಹೆಚ್ಚಿಲ್ಲ. ಅಲ್ಲಿಗೆ ಔಷಧದಂಗಡಿಯ ಬಾಗಿಲು ತೆರೆದು ಅರ್ಧ ಶತಮಾನ ಸಮೀಪಿಸಿತ್ತು. 1930ರಲ್ಲಿ, ತಮ್ಮ ಎಂಬತ್ತನೆಯ ವರ್ಷದಲ್ಲಿ, ಡ್ರೂಸರು ನಾರ್ಥಾಂಪ್ಟನ್‌ಷೈರಿನ ಸಸ್ಯಗ್ರಂಥವನ್ನು ಹೊರತಂದರು. ಹದಿಹರೆಯದಲ್ಲಿ ಅಂಗಡಿಯ ಕೆಲಸ ಕಲಿಯುತ್ತ ಯಾವ ಹೊಲಗದ್ದೆಗಳ ಬದುಗಳಲ್ಲಿ ಮೊದಲ ಗಿಡಗಳನ್ನು ಕಿತ್ತು ತಂದಿದ್ದರೋ, ಆ ತವರು ನೆಲದ ಋಣವನ್ನು ಸಂದಾಯ ಮಾಡಲು ಅವರಿಗೆ ಅರವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

1932ರ ಫೆಬ್ರವರಿ 29ರಂದು ಡ್ರೂಸರು ಯಾರ್ಡ್ಲಿ ಲಾಡ್ಜ್ ಮನೆಯಲ್ಲಿ ನಿಧನರಾದರು. ನಾಲ್ಕು ವರ್ಷಕ್ಕೊಮ್ಮೆ ಬರುವ ದಿನ ಅದು. ಅವರ ಮಹಾಕಾರ್ಯದ ಫಲವಾದ ಕಾಮಿಟಲ್ ಫ್ಲೋರಾ ಎಂಬ ಗ್ರಂಥವೂ ಅದೇ ವರ್ಷದ್ದು. ಜೀವಮಾನವೆಲ್ಲ ಕೂಡಿಸಿದ್ದ ಸುಮಾರು 2 ಲಕ್ಷ ಹಾಳೆಗಳ ಹರ್ಬೇರಿಯಂ ಅವರ ಇಚ್ಛೆಯಂತೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಸೇರಿತು. ಇಂದೂ ಅದು ಅಲ್ಲಿಯೇ ಇದೆ.

ರಾಗ್‌ವರ್ಟಿನ ಪಯಣ ಮಾತ್ರ ನಿಲ್ಲಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ವಿಮಾನಗಳು ಲಂಡನ್ನಿನ ಮೇಲೆ ಬಾಂಬುಗಳನ್ನು ಸುರಿಸಿ ಬೀದಿಗೆ ಬೀದಿಯನ್ನೇ ಉರುಳಿಸಿದವು. ಸುಟ್ಟ ಇಟ್ಟಿಗೆ, ಪುಡಿಯಾದ ಗಾರೆ, ಬಯಲು ಬಿಸಿಲು. ಎಟ್ನಾದ ಗಿಡಕ್ಕೆ ಮತ್ತೊಮ್ಮೆ ತವರು ನೆಲ. ಮನೆಗಳಿದ್ದ ಕಡೆಗಳಲ್ಲಿ ಹಳದಿ ಹೂಗಳು ತುಂಬಿ ನಿಂತವು. ಯುದ್ಧ ಮುಗಿದ ಮೇಲೆ ಕೆಂಟ್ ಎಂಬ ಸಸ್ಯಶಾಸ್ತ್ರಜ್ಞರು ಈ ಗಿಡದ ಚರಿತ್ರೆಯನ್ನು ಬರೆಯಲು ಕುಳಿತರು. 1956ರಿಂದ ಹತ್ತು ವರ್ಷಗಳ ಅವಧಿಯಲ್ಲಿ ಅವರು ಬರೆದ ಲೇಖನಮಾಲೆಯಲ್ಲಿ, ಆಕ್ಸ್‌ಫರ್ಡಿನ ಗೋಡೆಯಿಂದ ಹೊರಟ ಗಿಡ ಯಾವ ವರ್ಷ ಯಾವ ವಿಭಾಗವನ್ನು ಮುಟ್ಟಿತೆಂಬುದು ಕ್ರಮವಾಗಿ ಬಂದಿದೆ. ಇದು ಸಾಧ್ಯವಾದದ್ದು ಊರೂರಿನವರು ಒತ್ತಿ ಒಣಗಿಸಿ ಚೀಟಿ ಹಚ್ಚಿದ್ದ ಹಾಳೆಗಳಿಂದ ಮತ್ತು ಡ್ರೂಸರಂಥವರು ಅಚ್ಚು ಹಾಕಿಸಿದ್ದ ಟಿಪ್ಪಣಿಗಳಿಂದ. 2002ರಲ್ಲಿ ಆಕ್ಸ್‌ಫರ್ಡಿನ ಸ್ಟೀಫನ್ ಹ್ಯಾರಿಸ್ ಇನ್ನೂ ಹಿಂದಕ್ಕೆ ಹೋಗಿ, ಹಳೆಯ ಸಂಗ್ರಹ ಮತ್ತು ಪತ್ರಗಳ ಸಹಾಯದಿಂದ, ಗಿಡ ಸಿಸಿಲಿಯಿಂದ ಬ್ಯಾಡ್ಮಿಂಟನ್ ಮೂಲಕ ಬೋಬಾರ್ಟನ ಕೈಸೇರಿದ ಬಗೆಯನ್ನು ನಿರೂಪಿಸಿದರು.

ರೈಲುದಾರಿಗಳ ಬದಿಯಲ್ಲಿ ರಾಗ್‌ವರ್ಟಿಗೆ ಬ್ರಿಟನ್ನಿನ ಸೋದರ ಜಾತಿಯೊಂದು, ಗ್ರೌಂಡ್ಸೆಲ್ ಎಂಬ ಸಾಮಾನ್ಯ ಕಳೆ, ಎದುರಾಗಿತ್ತು. ಎರಡೂ ಬೆರೆತು ಹೊಸ ಸಸ್ಯಗಳೇ ಹುಟ್ಟಿದವು. ಅವುಗಳಲ್ಲಿ ಒಂದು 1979ರಲ್ಲಿ ಯಾರ್ಕ್ ನಗರದ ರೈಲುನಿಲ್ದಾಣದ ಬಳಿ ಪತ್ತೆಯಾಯಿತು. 1990ರ ದಶಕದಲ್ಲಿ ಅದು ಬೀದಿಗಳಿಂದ ಮರೆಯಾದರೂ, ಕಾಪಾಡಿಟ್ಟಿದ್ದ ಬೀಜಗಳಿಂದ 2023ರಲ್ಲಿ ಮತ್ತೆ ಅದೇ ಊರಿನಲ್ಲಿ ಹೂಬಿಟ್ಟಿತು. ಇನ್ನೊಂದನ್ನು 1948ರಲ್ಲಿ ವೇಲ್ಸ್ ಪ್ರಾಂತದಲ್ಲಿ ಕಂಡರು. 1955ರಲ್ಲಿ ಅದಕ್ಕೆ ಶಾಸ್ತ್ರೀಯ ಹೆಸರು ಬಂತು. ಅದು ನಿಜವಾಗಿ ಹುಟ್ಟಿದ್ದು ಯಾವಾಗ ಎಂದು ಹುಡುಕುತ್ತ ಹೋದವರು ಹಳೆಯ ಹರ್ಬೇರಿಯಂ ಹಾಳೆಗಳನ್ನು ತಿರುವಿ ಹಾಕಿದರು. 1925ರ ಒಂದು ಹಾಳೆಯ ಮೇಲೆ ಆ ಗಿಡ ಒಣಗಿ ಅಂಟಿಕೊಂಡಿತ್ತು. ಡ್ರೂಸರು ಬದುಕಿದ್ದ ಕಾಲ ಅದು. ಅದನ್ನು ಒತ್ತಿ ಒಣಗಿಸಿದವರಿಗೆ ತಮ್ಮ ಕೈಯಲ್ಲಿರುವುದು ಲೋಕಕ್ಕೆ ಹೊಸದಾದ ಸಸ್ಯವೆಂದು ತಿಳಿದಿರಲಿಲ್ಲ. ಆದರೂ ಗಿಡ ಸಿಕ್ಕಿದ ಊರನ್ನೂ ವರ್ಷವನ್ನೂ ಚೀಟಿಯಲ್ಲಿ ಬರೆದಿಟ್ಟಿದ್ದರು.